ತಾಯಿ ಕೇಳಿದ ಬಣ್ಣ

ಇದನ್ನು ನನಗೆ ಮೊದಲು ಹೇಳಿದವಳು ಅರಸೀಕೆರೆಯಲ್ಲಿ ಫೋಟೊ ಸ್ಟುಡಿಯೊ ನಡೆಸುವ ಇಂದ್ರಾಣಿ. ಅವಳು ಕೆಲಸ ಕಲಿತದ್ದು ರಂಗಧಾಮಯ್ಯ ಮೇಷ್ಟ್ರ ಹತ್ತಿರ. ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಅವಳು ಒಂದೇ ಫೋಟೊವನ್ನು ಐದು ಸಲ ಪ್ರಿಂಟು ಹಾಕಿ, ಐದನ್ನೂ ಹಾಳು ಮಾಡಿ, ಮೇಷ್ಟ್ರನ್ನು ಕೇಳಿದಳು:

"ಸಾರ್, ಕಂಪ್ಯೂಟರಿನಲ್ಲಿ ತಿದ್ದುವಾಗ ಇದ್ದ ಬಣ್ಣ ಪೇಪರಿಗೆ ಯಾಕೆ ಬರಲ್ಲ? ಸರಿಯಾದ ಬಣ್ಣ ತರೋದು ಹೇಗೆ?"

ಮೇಷ್ಟ್ರು ಈ ಕತೆ ಹೇಳಿದರು.

ಒಬ್ಬ ಸ್ಟುಡಿಯೊದವನಿದ್ದ. ಗಂಡಿನ ಕಡೆಗೆ ಕಳಿಸುವ ಹೆಣ್ಣಿನ ಫೋಟೊ ಎಂದರೆ ಸುತ್ತಿನವರೆಲ್ಲ ಅವನಲ್ಲಿಗೇ ಬರುತ್ತಿದ್ದರು. ಹುಡುಗಿ ಯಾವ ಬಣ್ಣದವಳೇ ಆಗಿರಲಿ, ಫೋಟೊದಲ್ಲಿ ಬೆಳ್ಳಗೆ ಬರುತ್ತಿದ್ದಳು. ಕೆಲವರು ಬಾಯಿಬಿಟ್ಟು ಕೇಳುತ್ತಿದ್ದರು. ಕೇಳದವರಿಗೂ ಅವನು ಆ ಉಪಕಾರ ಮಾಡುತ್ತಿದ್ದ.

ಒಂದು ದಿನ ಒಬ್ಬ ತಾಯಿ ಬಂದಳು. ಅವಳ ಮಗಳು ಡೆಂಗಿ ಜ್ವರದಲ್ಲಿ ತೀರಿಕೊಂಡಿದ್ದಳು. ಹನ್ನೊಂದನೆಯ ದಿನದ ಕಾರ್ಯಕ್ಕೆ ದೊಡ್ಡ ಫೋಟೊ ಬೇಕಿತ್ತು. ಮುಖ ಸ್ಪಷ್ಟವಾಗಿ ಕಾಣುವಂಥದ್ದು ಎರಡು ವರ್ಷದ ಹಿಂದೆ ಅವನೇ ತೆಗೆದದ್ದೊಂದು, ಅಷ್ಟೆ.

ಅವನು ಪ್ರಿಂಟು ತೆಗೆದು ಕೊಟ್ಟ. ತಾಯಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಇವಳು ಯಾರಪ್ಪ?"

"ನಿಮ್ಮ ಮಗಳೇ ಅಲ್ವೇನಮ್ಮ."

"ನನ್ನ ಮಗಳು ನನ್ನ ಹಾಗೇ ಕಪ್ಪು. ಮೂರು ಸಲ ಗಂಡಿನ ಕಡೆಯವರು ಬಂದು, ಅವಳನ್ನ ಎದುರಿಗೆ ಕೂರಿಸಿಕೊಂಡೇ, ಫೋಟೊದಲ್ಲಿದ್ದ ಹುಡುಗಿ ಎಲ್ಲಿ ಅಂತ ಕೇಳಿದ್ರು. ಆ ಹುಡುಗಿ ಇವಳು. ಇವಳಿಗೆ ನಾನು ಹಾರ ಹಾಕಲ್ಲ."

ಸ್ಟುಡಿಯೊದವನಿಗೆ ಚುರುಕ್ಕೆಂದಿತು. "ಒಂಚೂರು ಬೆಳ್ಳಗೆ ಬರಲಿ ಅಂದೋರು ನೀವೇ ಅಲ್ವಾ?" ಎಂದ.

"ನಾನೇ. ಅದು ಬೇರೆಯವರು ನೋಡೋಕೆ. ಇದು ನಾನು ನೋಡೋಕೆ."

ಅವನು ಮತ್ತೆ ಕೆಲಸಕ್ಕೆ ಕುಳಿತ. ಬಣ್ಣ ಅಳೆಯುವ ಸಾಧನವಿಟ್ಟು ಮಾನಿಟರನ್ನು ಹದಕ್ಕೆ ತಂದ. ಆ ಕಾಗದದ ಮೇಲೆ ಯಾವ ಬಣ್ಣ ಹೇಗೆ ಕೂರುತ್ತದೆಂದು ಪ್ರಿಂಟರಿಗೆ ತಿಳಿಸುವ ಪ್ರೊಫೈಲು ಹಾಕಿದ. ಸಾಫ್ಟ್‌ವೇರು ಒಮ್ಮೆ ತಿದ್ದಿದ ಬಣ್ಣವನ್ನು ಪ್ರಿಂಟರು ಇನ್ನೊಮ್ಮೆ ತಿದ್ದದಂತೆ ಅದರ ಕೈ ಕಟ್ಟಿದ. ಪರದೆಯ ಮೇಲೆ ಇದ್ದದ್ದು ಕೂದಲೆಳೆಯ ವ್ಯತ್ಯಾಸವಿಲ್ಲದೆ ಕಾಗದಕ್ಕೆ ಬಂತು. ಬೆಳ್ಳಗೇ ಬಂತು.

ಮೂಲ ಚಿತ್ರವನ್ನು ಹುಡುಕಿದ. ಇರಲಿಲ್ಲ. ತಿದ್ದಿದ್ದನ್ನು ಮೂಲದ ಮೇಲೆಯೇ ಸೇವ್ ಮಾಡಿಬಿಡುವುದು ಅವನ ರೂಢಿ. ಕಪ್ಪು ಮುಖಕ್ಕೆ ಗಿರಾಕಿ ಇದ್ದಾರೆಂದು ಅವನಿಗೆ ಅಲ್ಲಿಯವರೆಗೆ ಅನ್ನಿಸಿರಲಿಲ್ಲ.

ಕೊನೆಗೆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮುಖವನ್ನು ಸ್ವಲ್ಪಸ್ವಲ್ಪವೇ ಕಪ್ಪು ಮಾಡುತ್ತ ಹೋದ. ತಾಯಿ ತನ್ನ ಮುಂಗೈಯನ್ನು ಪರದೆಯ ಪಕ್ಕಕ್ಕೆ ಹಿಡಿದಳು. ಇನ್ನಷ್ಟು ಎಂದಳು. ಇನ್ನೂ ಒಂದಿಷ್ಟು ಎಂದಳು. ಆದರೆ ಬಿಳುಪಿನಲ್ಲಿ ಅಳಿಸಿಹೋದ ಮುಖದಲ್ಲಿ ತಿರುಗಿ ತರಲು ಏನೂ ಉಳಿದಿರಲಿಲ್ಲ. ಬಂದದ್ದು ಬೂದಿಯ ಬಣ್ಣ.

ತಾಯಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಎದ್ದು ಹೋದಳು. ಹನ್ನೊಂದನೆಯ ದಿನ ಆ ಮನೆಯವರು ಹಾರವನ್ನು ಬರಿಯ ಮಣೆಯ ಮೇಲೆ ಇಟ್ಟರು.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ಇಂದ್ರಾಣಿ ತಡೆಯಲಾರದೆ ಕೇಳಿದಳು:

"ಆಮೇಲಾದ್ರೂ ಅವನು ಬೆಳ್ಳಗೆ ಮಾಡೋದು ಬಿಟ್ಟನಾ ಸಾರ್?"

"ಎಲ್ಲಿ ಬಿಟ್ಟ? ಅಮ್ಮಂದಿರು ತಿರುಗಿ ಬರ್ತಾರೆ ಅಂತ ಮೂಲ ಚಿತ್ರ ಬೇರೆ ತೆಗೆದಿಡೋದು ಕಲಿತ, ಅಷ್ಟೆ. ಮುಂದೆ ನಿನ್ನ ಹತ್ರ ಕಲಿಯೋಕೆ ಬರೋರಿಗೂ ಇದನ್ನ ತಪ್ಪದೆ ಹೇಳಮ್ಮ."