ಸಾಕಮ್ಮನ ಶನಿವಾರದ ಪಂಕ್ತಿ

ಸಾಕಮ್ಮನಿಗೆ ಇದ್ದವನು ಒಬ್ಬನೇ ಮಗ, ಬೋರಣ್ಣ. ಇನ್ನೊಬ್ಬನಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿರಲಿಲ್ಲ. ಮೂವತ್ತು ತುಂಬಿದರೂ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಬಾಗಿಲ ಕಡೆ ನೋಡ್ತಿರು ಅಂದರೆ, ಕಳ್ಳ ಹಿತ್ತಿಲಿನಿಂದ ಬಂದು ಹೋದರೂ ಬಾಗಿಲ ಕಡೆಯೇ ನೋಡುವವನು.

ಪಕ್ಕದ ಮನೆಯಲ್ಲಿ ತೊಳಸಮ್ಮ ಅಂತ ಒಂಟಿ ಹೆಂಗಸು. ಎಷ್ಟೋ ಸಂಜೆ ಅವಳ ಒಲೆ ಹೊತ್ತುತ್ತಿರಲಿಲ್ಲ. ಗೋಡೆಯಾಚೆ ಹೊಗೆ ಕಾಣದ ದಿನ ಸಾಕಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ. ಕರೆದರೆ ಬರುವವಳಲ್ಲ. ಕಳಿಸಿದರೆ, ಈಗ ತಾನೇ ಉಂಡೆ ಕಣಕ್ಕ ಅಂತ ತಟ್ಟೆ ವಾಪಸು.

ಸಾಕಮ್ಮ ಒಂದು ಯೋಚನೆ ಮಾಡಿದಳು. ಶನಿವಾರ ಸಂಜೆ ತನ್ನ ಜಗಲಿಯಲ್ಲಿ ಬೀದಿಯವರ ಪಂಕ್ತಿ. ಎಲ್ಲರೂ ಕೈಲಾದದ್ದು ತರುವುದು, ಅಡುಗೆ ತನ್ನದು. ಎಲ್ಲರೂ ತಂದರೆ ಯಾರೂ ಬಿಟ್ಟಿ ಉಂಡ ಹಾಗಲ್ಲ. ತೊಳಸಮ್ಮನೂ ಒಂದು ಹಿಡಿ ಸೊಪ್ಪು ತಂದು ತಲೆಯೆತ್ತಿ ಉಣ್ಣಬಹುದು.

ಯೋಚನೆ ಚೆನ್ನಾಗಿತ್ತು. ಆದರೆ ಊಟಕ್ಕೆ ಕರೆದು ಅಕ್ಕಿ ತನ್ನಿ ಅನ್ನುವುದು ಹೇಗೆ? ನಾಚಿಕೆ. ಮಗನನ್ನು ಕಳಿಸಿದಳು. ಕೈಲಾದದ್ದು ತರಲಿ ಅನ್ನು, ತಂದವರನ್ನು ಮದುವೆಗೆ ಮುಯ್ಯಿ ತಂದವರ ಹಾಗೆ ಮರ್ಯಾದೆಯಿಂದ ನೋಡ್ಕೋ ಅಂದಳು.

ಮುಯ್ಯಿ ಗೊತ್ತಲ್ಲ, ತಂದ ಉಡುಗೊರೆಯನ್ನು ಎತ್ತಿ ಹಿಡಿದು, ಇಂಥವರ ಮನೆಯಿಂದ ಇಷ್ಟು ಅಂತ ಚಪ್ಪರಕ್ಕೆಲ್ಲ ಕೇಳುವ ಹಾಗೆ ಕೂಗುವುದು. ಶನಿವಾರ ಎಂಟು ಜನ ಎಲೆ ಮುಂದೆ ಕೂತರು. ತೊಳಸಮ್ಮನೂ ಬಂದಿದ್ದಳು. ಸೊಪ್ಪು ಬಾಡಿಹೋಯಿತು, ಮುಂದಿನ ವಾರ ತರ್ತೀನಿ ಅಂತ ಸಾಕಮ್ಮನ ಕಿವಿಯಲ್ಲಿ ಹೇಳಿ ಕೂತಿದ್ದಳು. ಬೋರಣ್ಣ ಹೊಸಿಲ ಮೇಲೆ ನಿಂತ.

"ಕೆಂಪಯ್ಯ ಮೇಷ್ಟ್ರ ಮನೆಯಿಂದ ಎರಡು ಸೇರು ಅಕ್ಕಿ, ಹುಳ ಸಮೇತ. ದರ್ಜಿ ನಿಂಗಾಜಿ ಮನೆಯಿಂದ ಒಂದು ಪಾವು ಬೇಳೆ. ತೊಳಸಮ್ಮನ ಮನೆಯಿಂದ ಏನೂ ಇಲ್ಲ."

ತೊಳಸಮ್ಮ, ಹೊಟ್ಟೆ ಸರಿಯಿಲ್ಲ ಕಣಕ್ಕ ಅಂತ ಬಡಿಸಿದ ಎಲೆ ಬಿಟ್ಟು ಎದ್ದು ಹೋದಳು. ಸಾಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಮುಂದೆ ಕುಕ್ಕರಿಸಿದಳು.

"ತಂದದ್ದನ್ನ ಕೂಗ್ತಾರೇನ್ಲಾ? ಮುಚ್ಚಿದ್ದನ್ನ ತೆಗೀದೆ ಸೀದಾ ಒಳಗಿಡು. ಯಾರು ಕೇಳಿದರೂ ಬಾಯಿ ಬಿಡಬೇಡ."

"ಆಯ್ತವ್ವ."

ಮುಂದಿನ ಶನಿವಾರ ತೊಳಸಮ್ಮ ಬರಲಿಲ್ಲ. ನಿಂಗಾಜಿಯ ಸೊಸೆ ಬಂದಳು, ತೆಳು ಬಟ್ಟೆ ಮುಚ್ಚಿದ ಬುಟ್ಟಿಯೊಂದನ್ನು ಜಗಲಿಯ ಮೇಲಿಟ್ಟು ಕಾಲು ತೊಳೆಯಲು ಹೋದಳು. ಬೋರಣ್ಣ ಬುಟ್ಟಿ ಎತ್ತಿದ, ಸೀದಾ ಉಗ್ರಾಣಕ್ಕೆ ಹೋದ, ಕುಂಬಳಕಾಯಿಯ ಪಕ್ಕ ಇಟ್ಟ, ಕದ ಹಾಕಿದ.

ಅವಳು ಬಂದು, ಅಣ್ಣಾ, ನನ್ನ ಮಗು ಎಲ್ಲಿ ಅಂದಳು. ಬೋರಣ್ಣ ತುಟಿ ಬಿಗಿದುಕೊಂಡ. ಮೇಷ್ಟ್ರು ಗದರಿದರು, ತುಟಿ ಬಿಗಿದುಕೊಂಡ. ನಿಂಗಾಜಿ ಭುಜ ಹಿಡಿದು ಅಲ್ಲಾಡಿಸಿದ, ಇನ್ನೂ ಬಿಗಿದುಕೊಂಡ. ಕೊನೆಗೆ ಮಗುವೇ ಎದ್ದು ಅತ್ತು ತಾನಿರುವ ಜಾಗ ಹೇಳಿತು. ಅರ್ಧ ಜನ ಉಣ್ಣದೆ ಹೋದರು.

ಸಾಕಮ್ಮನಿಗೆ ಬೀದಿಯಲ್ಲಿ ಮುಖ ತೋರಿಸಲು ಆಗಲಿಲ್ಲ. "ತಂದವರದ್ದು ತಂದವರಿಗೇ ಸೇರಬೇಕು ಕಣೋ. ಅವರ ಮುಂದೆ ತಂದಿಡಬೇಕು."

"ಆಯ್ತವ್ವ."

ಆ ವಾರ ಸಾಕಮ್ಮ ತಾನೇ ತೊಳಸಮ್ಮನ ಬಾಗಿಲಿಗೆ ಹೋದಳು. ನೆಲ ನೋಡಿಕೊಂಡೇ, "ಉಪ್ಪು ಮುಗಿದುಹೋಗಿದೆ ಕಣವ್ವ. ಶನಿವಾರಕ್ಕೆ ನೀನು ತಂದರೇ ನನ್ನ ಒಲೆ ಹೊತ್ತೋದು" ಅಂದಳು.

ಶನಿವಾರ ತೊಳಸಮ್ಮ ಬಂದಳು. ಸೆರಗಿನ ತುದಿಯ ಗಂಟಿನಲ್ಲಿ ಉಪ್ಪು ತಂದಳು.

ಎಲೆ ಹಾಕಿದರು, ನೀರು ಇಟ್ಟರು. ಬೋರಣ್ಣ ಒಳಗಿನಿಂದ ಅನ್ನದ ತಪ್ಪಲೆ ಹೊತ್ತು ತಂದು ಮೇಷ್ಟ್ರ ಎಲೆಯ ಮುಂದೆ ಇಟ್ಟ, ಅಕ್ಕಿ ನಿಮ್ಮದು ಅಂದ. ಸಾರಿನ ಪಾತ್ರೆ ನಿಂಗಾಜಿಯ ಮುಂದೆ. ಪಲ್ಯ, ಬದನೆಕಾಯಿ ತಂದವರ ಮುಂದೆ. ಮಜ್ಜಿಗೆ, ಮೊಸರು ತಂದವರ ಮುಂದೆ. ಆಮೇಲೆ ತೊಳಸಮ್ಮನ ಎಲೆ. ಅಲ್ಲಿ ಬೋರಣ್ಣ ನಿಂತುಬಿಟ್ಟ. ತಲೆ ಕೆರೆದುಕೊಂಡ. ಬೀದಿಗೆ ಬೀದಿಯೇ ಅವನನ್ನು ನೋಡುತ್ತಿತ್ತು. ಸಾಕಮ್ಮ ಅಡುಗೆಮನೆಯ ಬಾಗಿಲ ಹಿಂದೆ ಕಣ್ಣು ಮುಚ್ಚಿಕೊಂಡಳು. ಹೋಯಿತು, ಇವತ್ತೂ ಅವಳು ಎದ್ದು ಹೋಗುತ್ತಾಳೆ.

ಬೋರಣ್ಣ ಹಿಂದಕ್ಕೆ ಹೋದ. ಮೇಷ್ಟ್ರ ಮುಂದಿನ ಅನ್ನ ಎತ್ತಿದ, ನಿಂಗಾಜಿಯ ಮುಂದಿನ ಸಾರು ಎತ್ತಿದ, ಪಲ್ಯ ಎತ್ತಿದ, ಮಜ್ಜಿಗೆ ಎತ್ತಿದ, ಎಲ್ಲವನ್ನೂ ತಂದು ತೊಳಸಮ್ಮನ ಸುತ್ತ ಇಟ್ಟ.

"ನಿಮ್ಮುಪ್ಪು ಎಲ್ಲದರಲ್ಲೂ ಬಿದ್ದೈತೆ ಚಿಕ್ಕವ್ವ. ಹೆಂಗೆ ಬೇರೆ ಮಾಡ್ಲಿ? ಎಲ್ಲ ನಿಮ್ದೇ."

ತೊಳಸಮ್ಮ ಪಾತ್ರೆಗಳನ್ನು ನೋಡಿದಳು, ಬೋರಣ್ಣನನ್ನು ನೋಡಿದಳು. ಸೌಟು ತೆಗೆದುಕೊಂಡಳು. "ಎಲೆ ಈಕಡೆ ಸರಿಸಿ ಮೇಷ್ಟ್ರೇ" ಅಂದಳು.

ಎಲ್ಲರಿಗೂ ಅವಳೇ ಬಡಿಸಿದಳು. ಕೊನೆಗೆ ಕೂತು ತಾನೂ ಉಂಡಳು, ಎರಡನೆಯ ಸಲ ಸಾರು ಹಾಕಿಕೊಂಡಳು. ಸಾಕಮ್ಮ ಬಾಗಿಲ ಸಂದಿಯಿಂದ ಅದನ್ನೂ ಎಣಿಸಿದಳು.

ಅವತ್ತು ಬೈಗುಳವಿಲ್ಲ. ಬೋರಣ್ಣನಿಗೇ ಗಾಬರಿಯಾಗಿ, ಮುಂದಿನ ವಾರ ಹೆಂಗವ್ವಾ ಅಂತ ಕೇಳಿದ. ಸಾಕಮ್ಮ ಕಣ್ಣೊರೆಸಿಕೊಂಡು, ಇವತ್ತು ತೊಳಸಮ್ಮನಿಗೆ ಆದ ಮರ್ಯಾದೆ ಎಲ್ಲರಿಗೂ ಆಗಲಿ ಕಣಪ್ಪ ಅಂದಳು.

"ಆಯ್ತವ್ವ."

ಬೋರಣ್ಣ ಮನೆಮನೆಗೂ ಹೋಗಿ ಹೇಳಿ ಬಂದ. ಶನಿವಾರ ಸಾಕಮ್ಮ ಎಸರಿಟ್ಟು ಕಾದಳು. ಮೇಷ್ಟ್ರು ಬಂದರು, ಉಪ್ಪು ತಂದರು. ನಿಂಗಾಜಿ ಬಂದ, ಉಪ್ಪು ತಂದ. ಎಂಟು ಜನ, ಎಂಟು ಪೊಟ್ಟಣ ಉಪ್ಪು. ಮನೆಯಲ್ಲಿ ಒಂದು ಹಿಡಿ ಅಕ್ಕಿಯಿಲ್ಲ. ಸಾಕಮ್ಮ ಒಳಗೆ ಓಡಿದಳು. ಬೋರಣ್ಣ ಎಂಟೂ ಪೊಟ್ಟಣ ಎಸರಿಗೆ ಸುರಿದು ತಿರುವುತ್ತಿದ್ದ.

"ಈಗ ಎಲ್ಲರದ್ದೂ ಬಿತ್ತವ್ವ."

ತೊಳಸಮ್ಮ ಒಳಗೆ ಬಂದು ತಪ್ಪಲೆಗೆ ಇಣುಕಿದಳು. "ಒಲೆ ಆರಿಸಕ್ಕ. ನಮ್ಮನೇಲಿ ಒಂದಿಷ್ಟು ನುಚ್ಚೈತೆ, ಗಂಜಿ ಕಾಯಿಸ್ತೀನಿ. ಎಲ್ಲಾ ಅಲ್ಲಿಗೇ ಬನ್ನಿ" ಅಂತ ಹೇಳಿ ಹೋದಳು.

ಎಲೆ ಎತ್ತಿಕೊಂಡು ಎಲ್ಲರೂ ಹೋದರು. ಸಾಕಮ್ಮನಿಗೆ ಕಾಲೇ ಬರಲಿಲ್ಲ. ಬರಿಗೈಯಲ್ಲಿ ಹೋಗಿ ಅವಳ ಪಂಕ್ತಿಯಲ್ಲಿ ಹೇಗೆ ಕೂರುವುದು ಅಂತ ಮಗನ ಮುಂದೆ ಕೊರಗಿದಳು. ಕೊನೆಗೆ ಸೆರಗು ಹೊದ್ದು, ಗೋಡೆಗೆ ಒತ್ತಿಕೊಂಡು ಹೆಜ್ಜೆ ಇಟ್ಟಳು.

ಹಿಂದೆಯೇ ಬೋರಣ್ಣ ಬಂದ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹೊಗೆಯಾಡುವ ಉಪ್ಪುನೀರಿನ ತಪ್ಪಲೆ.

"ನಡಿಯವ್ವ, ನಾವೂ ತಂದಿದ್ದೀವಿ."