ಕೈ ಹೊಕ್ಕ ಕಂಬದ ಕಟ್ಟೆ

ಈ ಕಂಬವನ್ನು ನಿಲ್ಲಿಸಿದ ದಿನ ಹಗ್ಗ ಹಿಡಿದು ಎಳೆದವರಲ್ಲಿ ನಾನೇ ಮುಂದಿನವನು. ಸುಳ್ಳು. ಕಂಬ ನಿಂತು ಆರು ತಲೆಮಾರಾಯಿತು, ನನಗಿನ್ನೂ ಐವತ್ತೆರಡು. ಹೀಗೆ ಶುರು ಮಾಡದಿದ್ದರೆ ಬಸ್ಸಿಗೆ ಕಾಯುವವರು ಕತ್ತೆತ್ತುವುದಿಲ್ಲ, ಅದಕ್ಕೆ ಹೇಳಿದೆ. ಈಗ ಕತ್ತೆತ್ತಿದ್ದೀರಲ್ಲ, ನೋಡಿ. ನಮ್ಮ ಮುಗದಾಳದ ಚಹಾದಂಗಡಿಯ ಪಕ್ಕದಲ್ಲಿ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯ ನಡುವೆ ಒಂಟಿ ಕಲ್ಲುಕಂಬ. ಮೇಲೆ ಸೂರಿಲ್ಲ, ತೊಲೆಯಿಲ್ಲ. ಎದೆಯ ಮಟ್ಟದಲ್ಲಿ ಮಾತ್ರ ಒಂದು ಸೀಳಿನಂಥ ತೂತು. ಕಂಡಕ್ಟರು 'ಕೈಹೊಕ್ಕ ಕಟ್ಟಿ, ಇಳೀರಿ' ಎಂದು ಕೂಗುವುದು ಇದಕ್ಕೇ.

ಹಿಂದೆ ಒಮ್ಮೆ ಇಲ್ಲಿ ಅಡಿವೆಪ್ಪಗೌಡನ ದೊಡ್ಡ ಮನೆಯಿತ್ತು ಎನ್ನುತ್ತಾರೆ. ಮೇಲೆ ಗೇಣುದ್ದ ಮಣ್ಣು ಹೊದಿಸಿದ ಮಾಳಿಗೆ, ಅದನ್ನೆಲ್ಲ ಹೊತ್ತು ಪಡಸಾಲೆಯ ನಡುವೆ ನಿಂತ ಅಪ್ಪಿದರೆ ಕೈಗೆ ಸಿಗದಷ್ಟು ದಪ್ಪನೆಯ ಸಾಗವಾನಿ ಕಂಬ. ಊರಿನ ನ್ಯಾಯವೆಲ್ಲ ಆ ಕಂಬದ ಬುಡದಲ್ಲೇ. ಕಂಬಕ್ಕೆ ಕೈ ಹಚ್ಚಿ ಆಡಿದ ಮಾತು ಖರೆ. ಕೈ ಹಿಂದೆಗೆದವನು ಸುಳ್ಳ. ಅಂಥ ಕಂಬಕ್ಕೆ ಗೆದ್ದಲು ಹತ್ತಿತು. ಗೌಡ ಕೆರೆಸಿದ, ತಂಬಾಕಿನ ನೀರು ಹೊಯ್ಯಿಸಿದ, ಬೇವಿನೆಣ್ಣೆ ಕುಡಿಸಿದ. ಯುಗಾದಿಗೆ ಒರೆಸಿದರೆ ಕಾರಹುಣ್ಣಿಮೆಗೆ ಮತ್ತೆ ಹಾಜರು, ತವರಿಗೆ ಬಂದ ಮಗಳ ಹಾಗೆ. ಆಣೆಯ ಕಂಬಕ್ಕೆ ಹುಳ ಬಿದ್ದಿದೆ ಎಂದು ಊರಿಗೆ ತಿಳಿಯಬಾರದಲ್ಲ! ಮಣ್ಣಿನ ಗೆರೆ ಕಂಡಾಗಲೆಲ್ಲ ಅದರ ಮೇಲೆ ಎಣ್ಣೆ ಕಲಸಿದ ಕೆಮ್ಮಣ್ಣು ಬಳಿಸುತ್ತ ಹೋದ. ಹಬ್ಬಕ್ಕೊಂದು ಪದರ. ಕಂಬ ವರ್ಷ ವರ್ಷ ಮಿಂಚತೊಡಗಿತು. ಬಂದವರು 'ಗೌಡರ ಕಂಬಕ್ಕ ವಯಸ್ಸ ಆಗಂಗಿಲ್ಲ ಬಿಡ್ರಿ' ಎನ್ನುತ್ತಿದ್ದರಂತೆ.

ಬಾಗಿಲು ರಿಪೇರಿಗೆ ಬಂದ ಬಡಿಗೇರ ಮಾನಪ್ಪ ಒಂದು ದಿನ ಬೆರಳ ಗೆಣ್ಣಿನಿಂದ ಕಂಬವನ್ನು ತಟ್ಟಿ, ಕಿವಿಗೊಟ್ಟು, ಬೆವರಿದ. 'ಗೌಡ್ರ, ಇದರ ಹೊಟ್ಟಿ ಖಾಲಿ ಆಗೇತ್ರಿ. ಮಳಿ ಬರೂದರೊಳಗ ಬದಲ ಮಾಡ್ರಿ' ಎಂದ. ಗೌಡನಿಗೆ ಸಿಟ್ಟು ನೆತ್ತಿಗೇರಿತು. 'ಕೆಲಸ ಇಲ್ಲಂದ್ರ ಹೇಳು, ಎರಡು ಸೇರು ಜ್ವಾಳ ಹೆಚ್ಚಿಗಿ ಕೊಡ್ತೀನಿ. ನನ್ನ ಮನಿ ಹೆಸರು ಕೆಡಸಬ್ಯಾಡ' ಎಂದವನೇ ಮರುದಿನ ದೈವ, ಅಂದರೆ ಊರ ಪಂಚರನ್ನು, ಕೂಡಿಸಿದ. ಮಾನಪ್ಪನ ಮಾತು ಖರೆಯಾಗಿದ್ದರೆ ಅದೇ ಕಂಬಕ್ಕೆ ಕೈ ಹಚ್ಚಿ ಹೇಳಲಿ. ಹೇಳದಿದ್ದರೆ ಈ ಊರಿನಲ್ಲಿ ಅವನಿಗೆ ಒಂದು ಕುಂಟೆಯ ಕೆಲಸವೂ ಇಲ್ಲ, ಸುಗ್ಗಿಯಲ್ಲಿ ಪಾಲಿಗೆ ಬರುವ ಒಂದು ಕಾಳಿನ ಆಯವೂ ಇಲ್ಲ.

ಪಡಸಾಲೆಯಲ್ಲಿ ನಲವತ್ತು ಮಂದಿ. ಮಾನಪ್ಪ ಕಂಬದಿಂದ ಮಾರು ದೂರ ನಿಂತು ಕೈ ಕಟ್ಟಿಕೊಂಡ. 'ಎಲ್ಲಾರೂ ಹೊರಗ ನಡೀರಿ, ಆಮ್ಯಾಲ ಮುಟ್ಟತೀನಿ' ಎಂದ. ಮಂದಿ ಹೋ ಎಂದು ನಕ್ಕರು. 'ಆಣಿಗೆ ಅಂಜಿದ ನೋಡ್ರೋ!' ಎಂದು ಯಾರೋ ಕೂಗಿದ. ಗೌಡ ಗೆದ್ದವನಂತೆ ಎದ್ದುನಿಂತು 'ಇದು ಖಾಲಿ ಅಂತ!' ಎಂದು ಮುಷ್ಟಿ ಬಿಗಿದು ಕಂಬಕ್ಕೆ ಒಂದು ಗುದ್ದು ಹಾಕಿದ.

ಸದ್ದೇ ಆಗಲಿಲ್ಲ. ಗೌಡನ ಕೈ ಮೊಣಕೈಯ ತನಕ ಕಂಬದ ಒಳಗಿತ್ತು.

ನಕ್ಕವರ ಬಾಯಿ ತೆರೆದಲ್ಲೇ ಉಳಿಯಿತು. ಅಲ್ಲಿ ಕಟ್ಟಿಗೆಯೇ ಇರಲಿಲ್ಲ. ಇದ್ದದ್ದು ಬರೀ ಬಣ್ಣದ ಸಿಪ್ಪೆ. ಬೆಳ್ಳಗಿನ ಹುಳುಗಳು ಗೌಡನ ತೋಳಿನ ಮೇಲೆ ಹರಿದು ಬಂದವು. ಮೇಲಿನ ತೊಲೆ ಒಂದು ಬೆರಳಷ್ಟು ಕೆಳಗಿಳಿದು, ಎಲ್ಲರ ರುಮಾಲಿನ ಮೇಲೆ ಮಣ್ಣು ಉದುರಿತು. ಆಗ ಓಡಿದರು ನೋಡಿ! ಓಡದವರು ಇಬ್ಬರೇ. ತೊಲೆಯ ಭಾರಕ್ಕೆ ತೂತು ಕಿರಿದಾಗಿ ಗೌಡನ ಕೈ ಹೊರಗೆ ಬರಲೊಲ್ಲದು. ಮಾನಪ್ಪ ಬಾಗಿಲಿಗೆಂದು ತಂದಿದ್ದ ಹಲಗೆಯನ್ನು ತೊಲೆಗೆ ಆನಿಸಿ, ಅದಕ್ಕೆ ಹೆಗಲು ಕೊಟ್ಟು ನಿಂತಿದ್ದಾನೆ. ಎಳೆದಷ್ಟೂ ಗೌಡನ ಮುಷ್ಟಿ ಇನ್ನೂ ಬಿಗಿಯುತ್ತಿತ್ತು. 'ಗೌಡ್ರ,' ಎಂದ ಮಾನಪ್ಪ ಹಲ್ಲು ಕಚ್ಚಿ, 'ಮುಷ್ಟಿ ಬಿಡ್ರಿ. ಬಿಟ್ರ ಬರತೈತಿ.' ಗೌಡ ಮುಷ್ಟಿ ಬಿಟ್ಟ, ಕೈ ಬಂತು. ಇಬ್ಬರೂ ಹೊಸ್ತಿಲು ದಾಟಿದ್ದೇ ತಡ, ಹಿಂದೆ ಮಾಳಿಗೆ ಕುಸಿಯಿತು. ಧೂಳು ಅಡಗಿತು. ಮೊದಲು ಮಾತಾಡಿದವಳು ಗೌಡನ ಮುದಿತಾಯಿ ಹಂಪವ್ವ. 'ಅಡಿವೆಪ್ಪಾ, ಇಷ್ಟು ವರ್ಷ ಮಂದಿ ಎದರ ಮ್ಯಾಲ ಆಣಿ ಮಾಡಿದ್ರೋ?' ಗೌಡ ಮಣ್ಣು ಮೆತ್ತಿದ ಕೈಯನ್ನು ನೋಡಿಕೊಂಡ. ಎಲ್ಲರೆದುರು 'ಮಾನಪ್ಪ ಹೇಳಿದ್ದು ಖರೆ' ಎಂದ. ಆ ಜಾಗದಲ್ಲಿ ಕೈ ಹಚ್ಚದೆ ಆಡಿದ ಮೊದಲ ಖರೆ ಮಾತು ಅದೇ ಎನ್ನುತ್ತಾರೆ.

ಗೌಡ ಮತ್ತೆ ಅಲ್ಲಿ ಮನೆ ಕಟ್ಟಲಿಲ್ಲ. ಮಾನಪ್ಪ ಗುರುತು ಹಾಕಿಕೊಟ್ಟ ಅಳತೆಯಲ್ಲಿ ತೂತು ಕೊರೆಸಿ ಈ ಕಲ್ಲುಕಂಬ ನಿಲ್ಲಿಸಿದ. ನೀವೇ ಕೈ ಹಾಕಿ ನೋಡಿ: ಬಿಚ್ಚಿದ ಅಂಗೈ ಸಲೀಸಾಗಿ ಹೋಗುತ್ತದೆ, ಮುಷ್ಟಿ ಹೋಗುವುದಿಲ್ಲ. ಇಂದಿಗೂ ತಪ್ಪೊಪ್ಪುವವರು ಇಲ್ಲಿ ಕೈ ಇಟ್ಟೇ ಒಪ್ಪುತ್ತಾರೆ. ನಾನೂ ಒಮ್ಮೆ ಇಟ್ಟಿದ್ದೆ, ಏನೆಂದು ಕೇಳಬೇಡಿ. ಇನ್ನು ಆ ಸೀಳಿನಿಂದ ಕೆಳಗಿಳಿದಿರುವ ಗೆದ್ದಲಿನ ಮಣ್ಣಿನ ಗೆರೆ ಕಂಡಿತೆ? ಮೊದಲ ಮಳೆಗೆ ಬಂದದ್ದು. ಕಲ್ಲಿನಲ್ಲಿ ತಿನ್ನಲು ಏನಿದೆ ಪಾಪ, ಅದು ಕಟ್ಟೆ ದಾಟಿ ಚಹಾದಂಗಡಿಯ ಕಡೆ ಹೊರಟಿದೆ. ನೀವು ಕೂತಿರುವ ಬೆಂಚಿಗೆ ಮೊನ್ನೆ ತಾನೆ ಹೊಸ ಬಣ್ಣ ಬಳಿದಿದ್ದಾರೆ. ಗಾಬರಿಯಾಗಬೇಡಿ, ನಿಧಾನಕ್ಕೆ ಏಳಿ. ಎದ್ದಿರಲ್ಲ, ಹಾಗೇ ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ನನ್ನ ಚಹಾದ ದುಡ್ಡೂ ಕೊಟ್ಟುಬಿಡಿ. ಮುಷ್ಟಿ ಬಿಟ್ಟರೆ ಬರುತ್ತದೆ.