ಎರಡೂ ಕೈಗೆ ಕೆಲಸ

ಅಭಿಪ್ರಾಯ ಕೇಳುವವನು ಉತ್ತರಕ್ಕೆ ಆಮಿಷ ಒಡ್ಡಬಾರದು. ಹೇಳುವವನು ಆಮಿಷಕ್ಕೆ ಉತ್ತರ ಬದಲಿಸಬಾರದು. ಅಳಿವೆಯ ಪಕ್ಕದ ಆ ಊರಲ್ಲಿ ಎಲ್ಲರೂ ಇದನ್ನು ಮುರಿಯಲು ಸಿದ್ಧರಾಗಿಯೇ ಕೂತಿದ್ದರು.

ದಡ ಕೊಚ್ಚಿಹೋಗದಂತೆ ಕಲ್ಲಿನ ಗೋಡೆಯ ಬದಲು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ನೆಡುವ ಯೋಜನೆ ಅದು. ಜನ ಒಪ್ಪುತ್ತಾರೆಯೇ ಎಂದು ತಿಳಿಯಲು ಸಂಶೋಧಕ ಡಾಕ್ಟರ್ ಶ್ರೀವತ್ಸ ಬಂದಿದ್ದರು. ಶಾಲೆಯ ಅಂಗಳದಲ್ಲಿ ಮೀನುಗಾರರು ಸೇರಿದ್ದರು. ಬನ್ಸ್ ಕರಿಯುತ್ತಿದ್ದ ಹೆಂಗಸಿಗೆ ಡಾಕ್ಟರು ಮೆಲ್ಲಗೆ ಹೇಳಿದರು: “ಮೊದಲು ಎಲ್ಲರೂ ಒಪ್ಪಿಗೆ ಅಂತ ಕೈ ಎತ್ತಲಿ. ಆಮೇಲೆ ಕೊಡಮ್ಮ.”

ಆಕೆ ಜನರ ಕಡೆ ನೋಡಿದಳು. ಎಲ್ಲರ ಮೂಗು ಬಾಣಲೆಯ ಕಡೆ, ಕೈ ಆಗಲೇ ಅರ್ಧ ಮೇಲೆ. ದಡದುದ್ದಕ್ಕೂ ಗಿಡವಾದರೆ ಅವಳ ಗಂಡನ ದೋಣಿಯನ್ನೂ ಎಳೆದು ನಿಲ್ಲಿಸಲು ಜಾಗವಿರುವುದಿಲ್ಲ.

“ಆರಿದ್ರೆ ಬನ್ಸ್ ಚಪ್ಪಲಿ ಆಗ್ತದೆ ಸರ್” ಎಂದವಳೇ ಹಂಚಲು ಹೊರಟಳು. ಪ್ರತಿಯೊಬ್ಬರ ಒಂದು ಕೈಗೆ ಬನ್ಸ್, ಇನ್ನೊಂದಕ್ಕೆ ತುಂಬಿದ ಚಹಾ ಲೋಟ.

“ಒಪ್ಪುವವರು ಕೈ ಎತ್ತಿ!”

ಒಂದು ಕೈಯೂ ಏಳಲಿಲ್ಲ. ಒಂದನ್ನು ಎತ್ತಿದರೆ ಬನ್ಸ್ ಕಾಗೆಯ ಪಾಲು, ಇನ್ನೊಂದನ್ನು ಎತ್ತಿದರೆ ಚಹಾ ಪಕ್ಕದವನ ತಲೆಯ ಮೇಲೆ. ಇನ್ನು ಬಾಯಿ ತೆರೆಯದೆ ದಾರಿಯಿರಲಿಲ್ಲ.

“ಗಿಡ ಬೇಕು ಸರ್” ಎಂದ ಮುದುಕ ಜಟ್ಟಿ. “ಆದ್ರೆ ದೋಣಿ ಎಳೆಯೋಕೆ ನಡುವೆ ಜಾಗ ಬಿಡಿ. ಇಲ್ದಿದ್ರೆ ನಿಮ್ಮ ಕಾರಿನ ಮೇಲೆ ಇಡಬೇಕಾ?”

ಅಂಗಳವೆಲ್ಲ ನಕ್ಕಿತು. ಆಮೇಲೆ ಒಬ್ಬೊಬ್ಬರೇ ಮಾತಿಗಿಳಿದರು.

ಡಾಕ್ಟರು ಆಕೆಯ ಬಳಿ ಓಡಿದರು. “ಅಮ್ಮಾ, ಲೋಟ ಎಲ್ಲ ವಾಪಸ್ ತಗೊಳ್ಳಿ. ಇನ್ನೊಮ್ಮೆ ಕೇಳ್ತೇನೆ.”

“ಆಗೂದಿಲ್ಲ ಸರ್” ಎಂದು ಆಕೆ ಕೆಟಲ್ ಎತ್ತಿಕೊಂಡು, ಬರಿದಾದ ಲೋಟಗಳಿಗೆಲ್ಲ ಮತ್ತೆ ಚಹಾ ತುಂಬುತ್ತ ನಡೆದಳು.